ಪಾಳಿ

ತಂದ ಹಿಟ್ಟು ಮುಗಿದು ವಾರವಾಯಿತು. ಡಬ್ಬಿ ಇನ್ನೂ ತೊಳೆದಿಲ್ಲ. ಅಂಚಿನ ಮಡಿಕೆಯಲ್ಲಿ ಉಗುರು ಆಡಿಸಿದರೆ ಒಂದು ಚಿಟಿಕೆ ಜೋಳದ ಹಿಟ್ಟು ಈಗಲೂ ಸಿಗುತ್ತದೆ. "ಇದನ್ನೇನು ಪೂಜೆಗಿಡಬೇಕಾ?" ಎಂದು ಹೆಂಡತಿ ಎರಡು ಸಲ ಕೇಳಿದಳು. ಹಾಗೇನಿಲ್ಲ. ಬಾಗಲಕೋಟೆಯಿಂದ ಬಂದು ತಿಂಗಳಾದರೂ ಆ ಊರಿನ ಲೆಕ್ಕ ನನ್ನಲ್ಲಿ ಚುಕ್ತಾ ಆಗಿಲ್ಲ, ಅಷ್ಟೇ.

ನಮ್ಮ ಅಡ್ಡಹೆಸರು ಗಿರಣಿ. ಆ ಕಡೆ ಇದರಲ್ಲಿ ವಿಶೇಷವೇನೂ ಇಲ್ಲ. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ಅಕ್ಕಿ ಎಲ್ಲರೂ ಅಲ್ಲಿ ಮನುಷ್ಯರೇ. ಬೆಂಗಳೂರಿನಲ್ಲಿ ಮಾತ್ರ ಯಾವ ಕಚೇರಿಗೆ ಹೋದರೂ ಎರಡೆರಡು ಸಲ ಹೇಳಬೇಕು. "ಗಿರಿ ಅಂತಲಾ?" "ಅಲ್ಲ, ಗಿರಣಿ. ಹಿಟ್ಟಿನ ಗಿರಣಿ." "ಓ, ಫ್ಲೋರ್ ಮಿಲ್ಲು!" ಎಂದು ನಗುತ್ತಾರೆ. ನಾನೂ ನಗುತ್ತೇನೆ. ಒಳಗೊಳಗೇ ಸಣ್ಣ ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಹೆಸರಿನ ಬೆನ್ನಿಗೆ ಜಾತಿಯ ಬದಲು ಒಂದು ಯಂತ್ರವನ್ನು ಕಟ್ಟಿಕೊಂಡವರು ಎಷ್ಟು ಜನ ಇದ್ದಾರು?

ಅಪ್ಪ ಇರುವ ತನಕ ಗಿರಣಿಯ ಕಥೆಗಳು ಮೂರೇ. ಅವನ್ನೇ ತಿರುತಿರುಗಿ ಹೇಳುತ್ತಿದ್ದರು. ಮೊದಲನೆಯದು ಎಂಜಿನ್ ಬಂದದ್ದು. ಸ್ವಾತಂತ್ರ್ಯ ಬಂದ ಮೂರ್ನಾಲ್ಕು ವರ್ಷಕ್ಕೆ ಅಜ್ಜ ಸಾತಾರದಿಂದ ಕೂಪರ್ ಎಂಜಿನ್ ತರಿಸಿದ್ದು, ಅದು ಮೀಟರ್ ಗೇಜಿನ ಗೂಡ್ಸ್ ಗಾಡಿಯಲ್ಲಿ ಮಿರಜ, ಹುಬ್ಬಳ್ಳಿ, ಗದಗ ಸುತ್ತಿ ಬಾಗಲಕೋಟೆಗೆ ಬಂದಿಳಿದದ್ದು, ಅಲ್ಲಿಂದ ನಾಲ್ಕೆತ್ತು ಹೂಡಿದ ಬಂಡಿಯಲ್ಲಿ ಊರು ಸೇರಿದಾಗ ಹೆಂಗಸರು ಆರತಿ ಹಿಡಿದು ಬಂದದ್ದು. ಎರಡನೆಯದು ಗಡಿಗೆಯ ಕಥೆ. ಹೊಗೆ ಕೊಳವೆಯ ಬಾಯಿಗೆ ಅಜ್ಜ ಒಂದು ಗಡಿಗೆ ಮಗುಚಿ ಕಟ್ಟಿಸಿದ್ದರಂತೆ. ಎಂಜಿನ್ ಶುರುವಾದರೆ ಅದು 'ಕುಕ್ ಕುಕ್ ಕುಕ್' ಎಂದು ಕೂಗುವುದು ನಾಲ್ಕು ಹಳ್ಳಿಗೆ ಕೇಳುತ್ತಿತ್ತು. ಅದನ್ನು ಕೇಳಿಯೇ ಹೆಂಗಸರು ಜೋಳದ ಪುಟ್ಟಿ ತಲೆಗೇರಿಸಿ ಹೊರಡುತ್ತಿದ್ದರು.

ಮೂರನೆಯದು ಪಾಳಿಯ ಕಥೆ. ಅಪ್ಪ ಇದನ್ನು ಎದ್ದು ನಿಂತು ಹೇಳುತ್ತಿದ್ದರು. ಗೌಡರ ಮನೆಯ ಆಳು ಚೀಲ ತಂದು "ನಮ್ಮದು ಮೊದಲ ಹಾಕ್ರಿ" ಅಂದನಂತೆ. ಅಜ್ಜ ತಲೆ ಎತ್ತದೆ "ಪಾಳಿ ಅಂದ್ರ ಪಾಳಿ" ಎಂದು ಆ ಚೀಲವನ್ನು ಸಾಲಿನ ಕೊನೆಗೆ ಇಡಿಸಿದರಂತೆ. ನನ್ನ ಶಾಲೆಯ ಅಂಕ, ತಂಗಿಯ ಮದುವೆ, ಆಸ್ಪತ್ರೆಯ ಸರತಿ, ಯಾವುದೇ ಇರಲಿ, ನಮ್ಮ ಮನೆಯಲ್ಲಿ ನ್ಯಾಯಕ್ಕೆ ಇದ್ದ ಹೆಸರು ಅದೊಂದೇ: ಪಾಳಿ ಅಂದ್ರ ಪಾಳಿ.

ಅಪ್ಪ ತೀರಿಕೊಂಡ ಮೇಲೆ ಟ್ರಂಕಿನ ತಳದಲ್ಲಿ ಪರಿಹಾರದ ಕಾಗದ ಸಿಕ್ಕಿತು. ಆಲಮಟ್ಟಿಯ ಹಿನ್ನೀರಿಗೆ ಊರು ಹೋದಾಗಿನದು. ಮೊತ್ತ ನೋಡಿ ನಗು ಬಂತು, ಅದನ್ನು ಬಿಡಿ. ಕಣ್ಣು ನಿಂತದ್ದು ವಿವರದ ಸಾಲಿನಲ್ಲಿ: 'ಗಿರಣಿ ಕಟ್ಟಡ, ಮೂರು ಅಂಕಣ, ತಗಡಿನ ಚಾವಣಿ. ಹೊರಗೆ ಪ್ರತ್ಯೇಕ ಶೆಡ್ಡು ಒಂದು.' ಮೂರು ಕಥೆಗಳಲ್ಲಿ ಎಲ್ಲಿಯೂ ಈ ಪ್ರತ್ಯೇಕ ಶೆಡ್ಡು ಬಂದಿರಲಿಲ್ಲ. ಏಪ್ರಿಲ್ ಹೊತ್ತಿಗೆ ನೀರು ಇಳಿದು ಹಳೆ ಊರುಗಳು ಮೇಲೆ ಕಾಣುತ್ತವೆ ಎಂದು ಕೇಳಿದ್ದೆ. ಹೊರಟೆ.

ರಾತ್ರಿ ಹತ್ತಿದ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ಸು ಹುಬ್ಬಳ್ಳಿ ದಾಟಿದ್ದು ನಿದ್ದೆಯಲ್ಲಿ ಗೊತ್ತಾಗಲಿಲ್ಲ. ಎಚ್ಚರವಾದಾಗ ಬಾದಾಮಿಯ ಕೆಂಪು ಬಂಡೆಗಳ ಮೇಲೆ ಬಿಸಿಲು ಬೀಳುತ್ತಿತ್ತು. ಹುಬ್ಬಳ್ಳಿಯಿಂದ ಈಚೆಗೆ ಅಜ್ಜನ ಎಂಜಿನ್ ಬಂದದ್ದೂ ಇದೇ ದಾರಿ. ಹಳಿ ಮಾತ್ರ ಈಗ ಅಗಲವಾಗಿದೆ. ಎಂಜಿನ್ ಮೇಲೆ ಎರಕದ ಅಕ್ಷರದಲ್ಲಿ ಹೆಸರಿದ್ದ ಆ ಕೂಪರ್ ಯಾರು ಎಂದು ಹೊರಡುವ ಮುಂಚೆ ಹುಡುಕಿದ್ದೆ. ಸಾತಾರದ ಪಾರ್ಸಿ ಉದ್ಯಮಿ, ಸರ್ ಧನಜಿಶಾ ಕೂಪರ್. 1937ರ ಏಪ್ರಿಲ್‌ನಿಂದ ಜುಲೈವರೆಗೆ ಮುಂಬಯಿ ಪ್ರಾಂತ್ಯದ ಮೊದಲ ಪ್ರಧಾನಿಯಾಗಿದ್ದವರು; ಮುಖ್ಯಮಂತ್ರಿಯನ್ನು ಆಗ ಹಾಗೆ ಕರೆಯುತ್ತಿದ್ದರು. ಬಿಜಾಪುರ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲೇ ಇದ್ದ ಕಾಲ, ಆದ್ದರಿಂದ ನಮ್ಮ ಅಜ್ಜನಿಗೂ ಅವರೇ ಪ್ರಧಾನಿ. ಸಾಹೇಬರ ಅಧಿಕಾರ ನಡೆದದ್ದು ಮೂರೂವರೆ ತಿಂಗಳು. ಅವರ ಎಂಜಿನ್ ನಮ್ಮೂರಲ್ಲಿ ನಲವತ್ತು ವರ್ಷದ ಮೇಲೆ ನಡೆಯಿತು.

ಬಾದಾಮಿ ಹಿಂದಾದಂತೆ ಕೆಂಪು ಕಳೆದು ಎರೆಮಣ್ಣು ಶುರುವಾಯಿತು. ಜೋಳ ಕೊಯ್ದ ಹೊಲಗಳು, ಹತ್ತಿಯ ಒಣಕಡ್ಡಿ, ನೀರು ಹತ್ತಿರವಿದ್ದಲ್ಲಿ ಥಟ್ಟನೆ ಕಬ್ಬಿನ ಹಸಿರು. ಬೆಂಗಳೂರಿನಲ್ಲಿ ಆಕಾಶ ನೋಡಬೇಕಾದರೆ ಕತ್ತೆತ್ತಬೇಕು. ಇಲ್ಲಿ ಕತ್ತು ಬಗ್ಗಿಸಿದರೂ ತಪ್ಪಿಸಿಕೊಳ್ಳಲಾಗದು.

ಬಾಗಲಕೋಟೆ ಎರಡಾಗಿ ಒಡೆದ ಊರು. ಹಳೆ ಪೇಟೆಯ ತಗ್ಗಿನ ಓಣಿಗಳನ್ನು ನೀರು ತೆಗೆದುಕೊಂಡಿತು, ಜನ ನವನಗರಕ್ಕೆ ಹೋದರು. ಹಳೆಯದರಲ್ಲಿ ಓಣಿಗಳಿಗೆ ಹೆಸರು, ಹೊಸದರಲ್ಲಿ ಸೆಕ್ಟರುಗಳಿಗೆ ನಂಬರು. ಆಟೊದವನು ಮೊದಲು ಕೇಳಿದ್ದೇ "ಹಳೇದಕ್ಕೋ ಹೊಸದಕ್ಕೋ ರೀ?" ಎಂದು. ಹಳೆ ಪೇಟೆಯಲ್ಲಿ ತಿಂಡಿ ತಿಂದು ಐದು ಕಿಲೊ ಮಾಲದಂಡಿ ಜೋಳ ಕೊಂಡೆ. ಎಲ್ಲಾದರೂ ಹಳೆ ಗಿರಣಿಯ ಕಲ್ಲು ಸಿಕ್ಕಿ, ಅದು ಇನ್ನೂ ತಿರುಗುತ್ತಿದ್ದರೆ, ಬೀಸಿಸಿಕೊಂಡು ಹೋಗೋಣ ಎಂಬ ಹುಚ್ಚು. ಅಂಗಡಿಯವರು ಜೋಳವನ್ನು ಅಂಗೈ ಮೇಲೆ ಹರಡಿ ತೋರಿಸಿದರು. ಮುತ್ತಿನ ಹಾಗೆ ದುಂಡಗೆ, ಸ್ವಲ್ಪ ಹಳದಿ ಬಿಳುಪು. "ಬೆಂಗಳೂರಿಗೆ ಒಯ್ತೀರೇನ್ರಿ? ಹಂಗಾರ ಜೋಳ ಒಯ್ರಿ, ಹಿಟ್ಟು ಒಯ್ಯಬ್ಯಾಡ್ರಿ. ಹಿಟ್ಟು ಹಳೇದಾದ್ರ ಜಿಗಿ ಹೋಗತೈತಿ, ರೊಟ್ಟಿ ಬಿರೀತಾವು" ಎಂದರು. ನಮ್ಮ ಅಡುಗೆಮನೆಯಲ್ಲಿರುವ ಪ್ಯಾಕೆಟ್ಟಿನ ಹಿಟ್ಟು ಯಾವ ತಿಂಗಳಿನದೋ. ರೊಟ್ಟಿ ಬಿರಿದರೆ ನಾವು ತಟ್ಟಿದವರ ಕೈಯನ್ನು ಬೈಯುತ್ತೇವೆ.

ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಕೃಷ್ಣೆ, ಘಟಪ್ರಭೆಗಳ ದಂಡೆಗೆ ಅಂಥ ಊರು ಬಹಳ. ಹಳೆಯದು ನೀರಿಗೆ ಹೋಗಿ, ಅದೇ ಹೆಸರಿನ ಮುಂದೆ 'ಪುನರ್ವಸತಿ ಕೇಂದ್ರ' ಎಂದು ಬೋರ್ಡು ಹಾಕಿಕೊಂಡು ದಿಬ್ಬ ಹತ್ತಿ ಕುಳಿತಿವೆ. ರಸ್ತೆ ನೆಟ್ಟಗೆ, ನೀರಿನ ಟಾಕಿ ದೊಡ್ಡದು, ಹುಣಸೆ ಮರ ಒಂದೂ ಇಲ್ಲ. ಓಣಿಗಳು ಮಾತ್ರ ಹಳೆ ಊರಿನವೇ. ಯಾರ ಪಕ್ಕ ಯಾರು, ಯಾರಿಂದ ಯಾರು ದೂರ ಎಂಬುದು ನೀರಿನಲ್ಲಿ ಮುಳುಗದೆ ಮೇಲೆ ಬಂದಿದೆ. ಇದು ನನಗೆ ಸಂಜೆ ಹೊಳೆದದ್ದು. ಬಸ್ಸಿಳಿದಾಗ ಹೊಳೆದಿರಲಿಲ್ಲ.

ಚಹಾದ ಅಂಗಡಿಯಲ್ಲಿ "ಗಿರಣಿಯವರ ಮನೆ ಎಲ್ಲಿತ್ತು?" ಎಂದು ಕೇಳಿದೆ. 'ಇತ್ತು' ಎಂದದ್ದನ್ನು ಆತ ಗಮನಿಸಲಿಲ್ಲ.

"ಗಿರಣಿಯಾರ ಮನಿ ಏನ್ರಿ? ಸೀದಾ ಹೋಗ್ರಿ, ನೀರಿನ ಟಾಕಿ ದಾಟಿ ಬಲಕ್ಕ. ನೀಲಿ ಬಾಗಿಲ."

ನೀಲಿ ಬಾಗಿಲು ತೆರೆದೇ ಇತ್ತು. ಒಳಗೆ ಒಂದು ಗಿರಣಿ. ಕರೆಂಟಿನ ಮೋಟರು, ಮೇಲೆ ತಗಡಿನ ಡಬರಿ, ಕೆಳಗೆ ಹಿಟ್ಟು ಬೀಳುವ ಬಟ್ಟೆಯ ತೋಳು. ಗೋಡೆಯಲ್ಲಿ ಅಂಬೇಡ್ಕರ್ ಫೋಟೊ, ಅದರ ಗಾಜಿನ ಮೇಲೂ ಹಿಟ್ಟಿನ ತೆಳು ಪದರ. ಕರೆಂಟು ಇರಲಿಲ್ಲ. ನಲವತ್ತರ ಆಸುಪಾಸಿನ ಒಬ್ಬ, ಮೂಗಿಗೆ ಟವೆಲ್ಲು ಸುತ್ತಿಕೊಂಡು, ಬಿಚ್ಚಿಟ್ಟ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಉಳಿಯಿಂದ ಹಲ್ಲು ಹಾಕುತ್ತಿದ್ದ. ಟಕ್ ಟಕ್ ಟಕ್. ಬಾಗಿಲ ಬಳಿ ಎಪ್ಪತ್ತರ ಮೇಲಿನ ಒಬ್ಬ ಅವ್ವ ಮೊರದಲ್ಲಿ ಕಾಳು ಕೇರುತ್ತಿದ್ದರು.

"ನಾವು ಗಿರಣಿಯವರು" ಎಂದೆ.

ಮೊರ ನಿಂತಿತು. "ನಾವೂ ಗಿರಣಿಯಾರ" ಎಂದರು ಅವ್ವ.

ಹೆಸರು, ಅಜ್ಜನ ಹೆಸರು, ದೊಡ್ಡಪ್ಪನ ಹೆಸರು ಎಲ್ಲ ಹೇಳಿದ ಮೇಲೆ ಅವರ ಮುಖದಲ್ಲಿ ಏನೋ ಆಡಿತು. ಸಂತೋಷವಲ್ಲ, ಸಿಟ್ಟೂ ಅಲ್ಲ. ಕಳೆದುಹೋಗಿತ್ತು ಅಂದುಕೊಂಡ ಹಳೆ ಸಾಲದ ಚೀಟಿ ಸಿಕ್ಕಾಗ ಮುಖ ಹಾಗಾಗುತ್ತದೇನೋ. "ಸಾವಕಾರ್ರ ಮೊಮ್ಮಗ ಬಂದಾರ, ಕುರ್ಚಿ ತಾ" ಎಂದು ಮಗನಿಗೆ ಹೇಳಿ ಮತ್ತೆ ಮೊರ ಎತ್ತಿಕೊಂಡರು. ಆ ಮಗನ ಅಜ್ಜ, ಅಂದರೆ ಈ ಅವ್ವನ ಮಾವ, ನಮ್ಮ ಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದವರು.

ನೆನಪಾಯಿತು. ಬೇಸಿಗೆ ರಜೆಗೆ ಊರಿಗೆ ಬಂದಾಗ ಎಣ್ಣೆಯಿಂದ ಕಪ್ಪಾದ ಧೋತರದ ಮನುಷ್ಯನೊಬ್ಬನನ್ನು ನೋಡುತ್ತಿದ್ದೆ. ಎರಡೂ ಕೈಯಿಂದ ಹ್ಯಾಂಡಲ್ ಹೊಡೆದು ಆ ದೊಡ್ಡ ಚಕ್ರವನ್ನು ತಿರುಗಿಸಿ, ವೇಗ ಹತ್ತಿದ ಮೇಲೆ ಕೈ ಕಸಿದುಕೊಳ್ಳುತ್ತಿದ್ದ. ಮೊದಲು ಒಂದು ಕೆಮ್ಮು, ಆಮೇಲೆ ಒಂದು, ಆಮೇಲೆ ಗಡಿಗೆ ಕೂಗಲು ಶುರು. ನಾವು ಹುಡುಗರು ಅವನನ್ನು ಕರೆಯುತ್ತಿದ್ದದ್ದು 'ಏ ಎಂಜಿನ್' ಎಂದು. ಅವರ ಹೆಸರನ್ನು ನಾನು ಮೊದಲ ಸಲ ಕೇಳಿದ್ದು ಈ ಏಪ್ರಿಲ್‌ನಲ್ಲಿ, ಮೊಮ್ಮಗನ ಬಾಯಲ್ಲಿ.

ಮೊಮ್ಮಗ ಮಾತಿನ ಮನುಷ್ಯ. ಕೆಲಸ ನಿಲ್ಲಿಸದೆಯೇ ಕಲ್ಲಿನ ಮರ್ಮ ಹೇಳಿದ. ಕಾಳು ನಡುವಿನ ಕಣ್ಣಿನಿಂದ ಒಳಗಿಳಿಯುತ್ತದೆ. ಅಲ್ಲಿಂದ ಅಂಚಿನ ಕಡೆಗೆ ಕೊರೆದ ಗೆರೆಗಳು ಅದನ್ನು ತಳ್ಳಿಕೊಂಡು ಹೋಗುತ್ತವೆ. ನಡುವಿನಲ್ಲಿ ಗೆರೆ ಆಳ, ಅಂಚಿಗೆ ಬಂದಂತೆ ತೆಳು. ನಡುವಿನಲ್ಲಿ ಕಾಳು ಒಡೆಯುತ್ತದೆ, ಅಂಚಿನಲ್ಲಿ ಹಿಟ್ಟಾಗುತ್ತದೆ. ಹಲ್ಲು ಸವೆದರೆ ಕಲ್ಲು ಕಾಳನ್ನು ಕಡಿಯುವುದು ಬಿಟ್ಟು ಉಜ್ಜಲು ಶುರುಮಾಡುತ್ತದೆ, ಕಾಯುತ್ತದೆ, ಹಿಟ್ಟು ಕಮಟು ವಾಸನೆ ಹೊಡೆಯುತ್ತದೆ. "ಹಿಟ್ಟು ಕೈಗೆ ಬೆಚ್ಚಗ ಹತ್ತಬೇಕ್ರಿ, ಬಿಸಿ ಹತ್ತಬಾರ್ದು." ಅವನ ಎಡಗೈ ಹಿಂಭಾಗದಲ್ಲಿ ಹಚ್ಚೆ ಹಾಕಿಸಿದಂತೆ ಕರಿ ಚುಕ್ಕೆಗಳು. ಹಚ್ಚೆಯಲ್ಲ, ಉಳಿಯಿಂದ ಸಿಡಿದು ಚರ್ಮದೊಳಗೆ ಉಳಿದ ಉಕ್ಕಿನ ಚೂರು. ನನ್ನ ಕೈ ನೋಡಿಕೊಂಡೆ. ಅಡ್ಡಹೆಸರು ಗಿರಣಿ, ಕೈಯಲ್ಲಿ ಒಂದು ಕಲೆಯಿಲ್ಲ.

"ಇದೆಲ್ಲ ನಿಮ್ಮಜ್ಜ ಕಲಿಸಿದ್ದಾ?"

"ಅಜ್ಜ ಕಲ್ಲು ಮುಟ್ಟಿದಾಂವ ಅಲ್ರಿ" ಎಂದ. "ಆದ್ರ ಎಲ್ಲಾ ಗೊತ್ತಿತ್ತು. ಎಂಜಿನ್ ಉಸುರು ಹಾಕೂದ್ರಾಗ ಗೊತ್ತಾಗತಿತ್ತಂತ. ಕಲ್ಲು ಸವದ್ರ ಎಂಜಿನ್ ಏದಸ್ತೈತಿ. ಗೋಧಿ ಹಾಕ್ಯಾರೋ ಜೋಳ ಹಾಕ್ಯಾರೋ, ಆಚೀಗಿ ನಿಂತ ಹೇಳಾಂವ."

ಆಚೀಗಿ ಅಂದರೆ ಎಲ್ಲಿ ಎಂದು ಕೇಳಬೇಕೆನ್ನುವಷ್ಟರಲ್ಲಿ ಊಟಕ್ಕೆ ಕರೆದರು.

ಜೋಳದ ರೊಟ್ಟಿ, ಎಣಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ಗುದ್ದಿದ ಉಳ್ಳಾಗಡ್ಡಿ. ರೊಟ್ಟಿ ತೆಳ್ಳಗೆ, ಅಂಚು ಕೂಡ ಒಡೆದಿರಲಿಲ್ಲ. ಮುರಿದರೆ ಒಳಗಿನಿಂದ ಹಬೆ. ಮೂರು ತಿಂದೆ, ನಾಲ್ಕನೆಯದನ್ನು ಬೇಡ ಎನ್ನಲಿಲ್ಲ. ಆದರೆ ಆ ಊಟ ಸುಲಭದ ಊಟವಾಗಿರಲಿಲ್ಲ. ಅವ್ವ ಎದುರಿಗೆ ಕುಳಿತಿದ್ದರು. ನಾನು ಉಣ್ಣುವುದನ್ನು ಅವರು ನೋಡುತ್ತಿದ್ದರೋ, ಅವರು ನೋಡುತ್ತಾರೆಂದು ನನ್ನನ್ನು ನಾನೇ ನೋಡಿಕೊಳ್ಳುತ್ತಿದ್ದೆನೋ. ನಮ್ಮಜ್ಜ ಈ ಮನೆಯಲ್ಲಿ ನೀರು ಕುಡಿದಿರಲಾರರು. ನಾನು ಬಾಯಿ ಚಪ್ಪರಿಸಿ ಎಣಗಾಯಿ ಹೊಗಳಿದ್ದು ಸ್ವಲ್ಪ ಜೋರಾಯಿತು ಎಂದು ಆಗಲೇ ಅನಿಸಿತು.

ಮುಜುಗರ ಮುಚ್ಚಲು ಬೀಸುವ ಪದಗಳ ಮಾತು ತೆಗೆದೆ. ಹಲಸಂಗಿ ಗೆಳೆಯರು ಈ ಹಳೆಯ ಬಿಜಾಪುರ ಜಿಲ್ಲೆಯಲ್ಲೇ ಹೆಂಗಸರ ಬಾಯಿಂದ ಪದ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ತಂದರು. ಕಾಲೇಜಿನಲ್ಲಿ ಅದನ್ನು ಓದಿದ ನನಗೆ ಒಂದು ಸಿದ್ಧ ದುಃಖವಿತ್ತು: ಗಿರಣಿ ಬಂದು ಬೀಸುಕಲ್ಲು ನಿಂತಿತು, ಬೀಸುಕಲ್ಲು ನಿಂತು ಹಾಡು ಹೋಯಿತು. ನಮ್ಮಜ್ಜನೇ ಈ ಊರಿನ ಹಾಡು ನಿಲ್ಲಿಸಿದವರು ಎಂದು ಯಾವುದೋ ಗೋಷ್ಠಿಯಲ್ಲಿ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೆ. ಅದನ್ನೇ ಅವ್ವನ ಮುಂದೆ ಇನ್ನೊಂದು ಬಗೆಯಲ್ಲಿ ಹೇಳಿದೆ.

ಅವ್ವ ಬಿದ್ದು ಬಿದ್ದು ನಕ್ಕರು. "ಹಾಡು ಬೇಕಂದ್ರ ಬೀಸೂಕಲ್ಲು ಐತಿ ನೋಡ್ರಿ ಮೂಲ್ಯಾಗ. ನೀವು ಕೋಳಿ ಕೂಗೂಕಿಂತ ಮೊದ್ಲ ಎದ್ದು ಗೂಟ ಹಿಡೀರಿ, ನಾ ಕುಂತು ಹಾಡತೀನಿ."

ನಗು ನಿಂತ ಮೇಲೆ ತಣ್ಣಗೆ ಹೇಳಿದರು. "ನಿಮ್ಮ ಗಿರಣಿ ಬಂದ್ರೂ ನಮ್ಮ ಕಲ್ಲೇನೂ ನಿಂತಿರ್ಲಿಲ್ಲ ಬಿಡ್ರಿ. ಊರಾರ್ದು ಮುಗದ ಮ್ಯಾಲೆ ನಮ್ಮ ಓಣಿದು. ಪುಟ್ಟಿ ಇಟಗೊಂಡು ಹೊರಗ ಕುಂದ್ರೂದು. ಹೊತ್ತು ಮುಳುಗೂ ಮುಂದ ಒಮ್ಮೊಮ್ಮಿ ಎಣ್ಣಿ ತೀರಿತು ಅಂತ ಎಂಜಿನ್ ಬಂದ್ ಮಾಡಸಾವ್ರು. ಹೊತ್ತ ಪುಟ್ಟಿ ಹಂಗ ತಿರುಗಿ ಹೊತಗೊಂಡು ಬಂದು, ರಾತ್ರಿ ನಾವ ಬೀಸೂದು. ಎಂಜಿನ್ ಬಂದ್ ಮಾಡಾಂವ ಯಾರು? ನಮ್ಮ ಮಾವನ."

"ಪಾಳಿ ಇರಲಿಲ್ಲವೇ?" ಎಂದೆ. ಬಾಯಿ ತಪ್ಪಿ ಬಂದ ಮಾತು.

"ಇತ್ತಲ್ಲ. ಎರಡು ಪಾಳಿ."

ಇದನ್ನು ಅವರು ದೂರಿನಂತೆ ಹೇಳಲಿಲ್ಲ. ಊರಿಗೆ ಎಷ್ಟು ಬಾವಿಗಳಿದ್ದವು ಎಂದು ಕೇಳಿದರೆ ಹೇಳುತ್ತಾರಲ್ಲ, ಹಾಗೆ. ಅಪ್ಪ ಎದ್ದು ನಿಂತು ಹೇಳುತ್ತಿದ್ದ ಕಥೆ ಸುಳ್ಳಾಗಿರಲಿಲ್ಲ. ಗೌಡರ ಚೀಲ ಹಿಂದಕ್ಕೆ ಹೋಗಿದ್ದು ನಿಜವೇ ಇರಬೇಕು. ಆ ಸಾಲಿನ ಕೊನೆ ಎಲ್ಲಿತ್ತು ಎಂದು ನಾವು ಯಾರೂ ಕೇಳಿರಲಿಲ್ಲ. ಸಾಲಿನ ಹೊರಗೆ ಕುಳಿತವರಿದ್ದರು ಎಂಬುದು ಕಥೆ ಹೇಳುವವರಿಗೂ ಕೇಳುವವರಿಗೂ ಗೊತ್ತಿದ್ದೂ ಲೆಕ್ಕಕ್ಕೆ ಬಂದಿರಲಿಲ್ಲ.

ಬಿಸಿಲು ಇಳಿಯಲೆಂದು ಕಾಯದೆ ಮೊಮ್ಮಗ ಬೈಕು ತೆಗೆದ. ತ್ರೀ ಫೇಸ್ ಕರೆಂಟು ಬರುವುದು ನಾಲ್ಕಕ್ಕೆ, ಅಷ್ಟರಲ್ಲಿ ವಾಪಸು ಬರಬೇಕು.

ಕೊನೆಯ ದಾರಿ ನಡೆದೇ ಹೋಗಬೇಕು. ನೀರು ಇಳಿದ ನೆಲ ಕಾಲು ತೂರುವಷ್ಟು ಅಗಲಕ್ಕೆ ಬಿರಿದಿತ್ತು. ಬಿರುಕಿನ ತುಂಬ ಬಿಳಿ ಬಸವನಹುಳುವಿನ ಚಿಪ್ಪು, ಕಾಲಿಟ್ಟಲ್ಲೆಲ್ಲ ಚಟಚಟ. ಹಸಿ ಇನ್ನೂ ಆರದ ಕಡೆ ಯಾರೋ ಸವತೆ ಬಳ್ಳಿ ಹಬ್ಬಿಸಿದ್ದರು. ಮುಳುಗಿದ ಜಮೀನು ಮೂರು ತಿಂಗಳು ಮೇಲೆದ್ದರೂ ಒಕ್ಕಲಿಗ ಬಿಡುವುದಿಲ್ಲ. ದೂರದಲ್ಲಿ ನೀರಿನಂಚಿಗೆ ಒಂದು ಗುಲಾಬಿ ಗೆರೆ. ರಾಜಹಂಸಗಳು. ಚಳಿಗಾಲ ಕಳೆದು ಬೇಸಿಗೆಗೆ ಇಳಿಯುವ ಈ ಕಾಲಕ್ಕೆ ಹಿನ್ನೀರಿನಲ್ಲಿ ಅವು ಗುಂಪುಗುಂಪಾಗಿ ಮೇಯುತ್ತವೆ, ಫೋಟೊ ತೆಗೆಯುವವರು ಬೆಂಗಳೂರಿನಿಂದಲೂ ಬರುತ್ತಾರೆ. "ನೀವೂ ಅದಕ್ಕ ಬಂದೀರಿ ಅನ್ಕೊಂಡಿದ್ದೆ ಮೊದ್ಲ" ಎಂದ ಮೊಮ್ಮಗ.

ಈ ಸೀಮೆಯಲ್ಲಿ ಎರಡು ಅಂಕಿ ಎಲ್ಲರ ಬಾಯಲ್ಲೂ ಇವೆ. ಒಂದು 519.60. ಸಮುದ್ರ ಮಟ್ಟದಿಂದ ಅಷ್ಟು ಮೀಟರಿಗೆ ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುತ್ತಾರೆ, 2000ದಲ್ಲಿ ಸುಪ್ರೀಂ ಕೋರ್ಟು ಒಪ್ಪಿದ ಎತ್ತರ ಅದು. ಇನ್ನೊಂದು 524.256, ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಕೊಟ್ಟದ್ದು. "ಐನೂರಾ ಇಪ್ಪತ್ನಾಕು ಆದ್ರ ಆ ಗುಡ್ಡದ ಬುಡಕ್ಕ ನೀರು" ಎಂದು ಕೈ ತೋರಿಸುತ್ತಾರೆ. ಬೆಂಗಳೂರಿನಲ್ಲಿ ಸೈಟಿನ ಉದ್ದಗಲ ಮಾತಾಡುವ ಹಾಗೆ ಇಲ್ಲಿ ಜನ ನೀರಿನ ಎತ್ತರ ಮಾತಾಡುತ್ತಾರೆ.

ಊರು ಎಂದರೆ ಈಗ ನೆಲದ ಮೇಲೆ ಬರೆದ ನಕಾಶೆ. ಮಣ್ಣಿನ ಗೋಡೆಗಳೆಲ್ಲ ಕರಗಿ, ಬುನಾದಿಯ ಕಲ್ಲು ಸಾಲಾಗಿ ಉಳಿದಿವೆ. ಹಣಮಪ್ಪನ ಕಟ್ಟೆ ಗುರುತಾಯಿತು; ದೇವರನ್ನು ಆಗಲೇ ಮೇಲಿನ ಊರಿಗೆ ಒಯ್ದಿದ್ದಾರೆ. ನಮ್ಮ ಮನೆ ಯಾವುದೆಂದು ನನಗೆ ತಿಳಿಯಲಿಲ್ಲ. ಮೊಮ್ಮಗ ತೋರಿಸಿದ ಜಾಗದಲ್ಲಿ ನಿಂತೆ. ಏನೂ ಅನಿಸಲಿಲ್ಲ.

ಗಿರಣಿ ಮಾತ್ರ ಎದೆಯೆತ್ತರಕ್ಕೆ ನಿಂತಿತ್ತು. ಎಂಜಿನ್ ಅದುರುವಿಕೆಗೆ ತಡೆಯಬೇಕೆಂದು ಅಜ್ಜ ಸುಣ್ಣದ ಗಾರೆಯಲ್ಲಿ ಕಟ್ಟಿಸಿದ್ದ ಗೋಡೆ, ಎಷ್ಟೋ ಮಳೆಗಾಲ ನೀರಿನೊಳಗೆ ನಿಂತರೂ ಜಗ್ಗಿಲ್ಲ. ಒಂದು ಕಡೆ ಮೂರು ಅಂಕಣ, ಕಲ್ಲು ಕೂರಿಸಿದ್ದ ಕಟ್ಟೆ. ಇನ್ನೊಂದು ಕಡೆ, ಹೊರಗೆ, ಎಂಜಿನ್ನಿನ ದಿಮ್ಮಿ. ನಾಲ್ಕು ಮೂಲೆಗೆ ನಾಲ್ಕು ಬೋಲ್ಟು ತುಕ್ಕು ಹಿಡಿದು ಆಕಾಶ ನೋಡುತ್ತಿದ್ದವು, ಪಕ್ಕದಲ್ಲಿ ಎಂಜಿನ್ ತಣಿಸುವ ನೀರಿನ ಹೌದು. ಅದೇ ಕಾಗದದಲ್ಲಿದ್ದ ಪ್ರತ್ಯೇಕ ಶೆಡ್ಡು. ನಡುವಿನ ಗೋಡೆಯಲ್ಲಿ ಸೊಂಟದ ಎತ್ತರಕ್ಕೆ ಎರಡು ಗೇಣು ಅಗಲದ ಕಿಂಡಿ. ಬೆಲ್ಟು ಹಾಯುತ್ತಿದ್ದದ್ದು ಅಲ್ಲಿ. ಕಿಂಡಿಯ ಅಂಚಿನ ಗಾರೆ ನಯವಾಗಿ ಕಪ್ಪಾಗಿತ್ತು. ಬೆರಳಿಟ್ಟರೆ ಈಗಲೂ ಜಾರುತ್ತದೆ, ಎಣ್ಣೆಯೋ ಬೆಲ್ಟಿಗೆ ಹಚ್ಚುತ್ತಿದ್ದ ರಾಳವೋ.

ಒಂಬತ್ತನೇ ವಯಸ್ಸಿನಲ್ಲಿ ಬೈಸಿಕೊಂಡೂ ಈ ಕಿಂಡಿಯಲ್ಲಿ ಇಣುಕುತ್ತಿದ್ದೆ. ಬೆಲ್ಟಿನ ಜೋಡಣೆ ಹಾದಾಗಲೆಲ್ಲ ಟಪ್ಪೆನ್ನುತ್ತಿತ್ತು. ಆಚೆ ಆ ಕಪ್ಪು ಧೋತರದ ಮನುಷ್ಯ ಒಮ್ಮೊಮ್ಮೆ ಬಗ್ಗಿ ಈಚೆ ನೋಡಿ ನಗುತ್ತಿದ್ದ.

"ಹಿಟ್ಟಿಗೆ ಹೊಗೆ ಬರಬಾರದು ಅಂತ ಬೇರೆ ಮಾಡಿರಬೇಕು" ಎಂದೆ. ತಪ್ಪೇನೂ ಅಲ್ಲ. ಹಳೆಯ ಗಿರಣಿಗಳಲ್ಲಿ ಎಂಜಿನ್ ಕೋಣೆಯನ್ನು ಬೇರೆ ಕಟ್ಟುವುದುಂಟು. ಹೊಗೆ, ಎಣ್ಣೆ, ಬೆಂಕಿ ಯಾವುದೂ ಹಿಟ್ಟಿನ ಹತ್ತಿರ ಇರಬಾರದು.

ಮೊಮ್ಮಗ ದಿಮ್ಮಿಯ ಮೇಲೆ ಕುಳಿತು ಬೀಡಿ ಹಚ್ಚಿದ್ದ. "ಹೌದ್ರಿ ಸರ. ಹೊಗೀನೂ ಒಳಗ ಬರಬಾರ್ದು, ನಮ್ಮಜ್ಜನೂ ಒಳಗ ಬರಬಾರ್ದು. ಒಂದ ಗ್ವಾಡಿಯೊಳಗ ಎರಡೂ ಕೆಲಸ."

ನಗುತ್ತಲೇ ಹೇಳಿದ. ನಾನೂ ನಕ್ಕೆನೋ ಇಲ್ಲವೋ ನೆನಪಿಲ್ಲ. ನಲವತ್ತು ವರ್ಷ ಹ್ಯಾಂಡಲ್ ಹೊಡೆದ ಮನುಷ್ಯ ಈ ಕಿಂಡಿಯಿಂದ ಕಿವಿಗೆ ಬಿದ್ದದ್ದರಲ್ಲೇ ಬೀಸುವ ವಿದ್ಯೆ ಕಲಿತು ಮಗನಿಗೆ ಹೇಳಿಕೊಟ್ಟಿದ್ದರು. ಊರು ಏಳುವಾಗ ನಮ್ಮ ದೊಡ್ಡಪ್ಪ ಎಂಜಿನ್ನನ್ನು ಗುಜರಿಗೆ ತೂಕಕ್ಕೆ ಹಾಕಿ, ಪರಿಹಾರ ತೆಗೆದುಕೊಂಡು ಪೇಟೆಗೆ ಹೋದರು. ಸವೆದ ಎರಡು ಕಲ್ಲು ಬಿಟ್ಟು ಹೋಗಿದ್ದರು. ಅವನ್ನು ಬಂಡಿಗೆ ಹಾಕಿಕೊಂಡು ಮೇಲಿನ ಊರಿಗೆ ತಂದವರು ಅವರು. ಮಗ ಸಾಲ ಮಾಡಿ ಮೋಟರು ಕೊಂಡ, ಹೊಸ ಕಲ್ಲು ಹಾಕಿದ. ಊರು ಅವರ ಮನೆಯನ್ನು ಗಿರಣಿಯವರ ಮನೆ ಎನ್ನಲು ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ವಾಪಸು ಬಂದಾಗ ಹಿತ್ತಿಲಿನಲ್ಲಿ ಆ ಎರಡು ಕಲ್ಲುಗಳಲ್ಲಿ ಒಂದನ್ನು ನೋಡಿದೆ. ನಲ್ಲಿಯ ಕೆಳಗೆ ಮಲಗಿತ್ತು, ಮೇಲೆ ಸೋಪಿನ ನೊರೆ. ನಡುವಿನ ಕಣ್ಣಿನಲ್ಲಿ ನೀರು ಇಂಗುತ್ತಿತ್ತು. "ಮಾವ ಇರೂ ತನಕ ಯಾರಿಗೂ ಮುಟ್ಟಾಕ ಬಿಡ್ತಿರ್ಲಿಲ್ಲ" ಎಂದರು ಅವ್ವ. "ಈಗ ಅದರ ಮ್ಯಾಲ ದಿನಾ ಅರಬಿ ಒಗೀತೀವಿ. ಚಲೋ ಕಲ್ಲು."

ನಾಲ್ಕಕ್ಕೆ ಬರಬೇಕಾದ ಕರೆಂಟು ನಾಲ್ಕೂವರೆಗೆ ಬಂತು. ಆಗಲೇ ಬಾಗಿಲ ಬಳಿ ಮೂರು ಡಬ್ಬಿ ಸಾಲಾಗಿ ಕುಳಿತಿದ್ದವು. ಇಬ್ಬರು ಹೆಂಗಸರು, ಒಬ್ಬ ಶಾಲೆ ಹುಡುಗ. ಅವರಲ್ಲಿ ಯಾರು ಯಾವ ಓಣಿಯವರೋ ನನಗೆ ತಿಳಿಯಲಿಲ್ಲ, ಕೇಳಲೂ ಇಲ್ಲ. ಮೊಮ್ಮಗ ನನ್ನ ಜೋಳದ ಚೀಲಕ್ಕೆ ಕೈ ಚಾಚಿ, "ಕೊಡ್ರಿ ಸರ, ನಿಮ್ಮದು ಮೊದ್ಲ ಹಾಕತೀನಿ, ಐದೂವರಿ ಬಸ್ಸಿಗೆ ಹೊತ್ತಾಗತೈತಿ" ಎಂದ.

ಹೊಸ್ತಿಲ ಮೇಲಿನಿಂದ ಅವ್ವ, ಮೊರದಿಂದ ಕಣ್ಣೆತ್ತದೆ, "ಪಾಳಿ ಹಚ್ಚಲಿ ಬಿಡೋ" ಎಂದರು.

ಚೀಲವನ್ನು ನಾಲ್ಕನೆಯದಾಗಿ ಇಟ್ಟು ಗೋಡೆಗೊರಗಿ ನಿಂತೆ. ಮೋಟರಿಗೆ ಕೆಮ್ಮು ಇಲ್ಲ, ಗಡಿಗೆ ಇಲ್ಲ. ಒಂದೇ ಸಮನೆ ಗುಂಯ್ ಅನ್ನುತ್ತದೆ. ಹುಡುಗನ ಡಬ್ಬಿಯಲ್ಲಿ ಮಾದಲಿಗೆಂದು ಗೋಧಿ ಇತ್ತು. ಅದಕ್ಕೆ ತರಿಯಾಗಿ ಬೀಸಬೇಕೆಂದು ಮೊಮ್ಮಗ ಕಲ್ಲು ಸಡಿಲಿಸಿದ, ನನ್ನ ಜೋಳಕ್ಕೆ ಮತ್ತೆ ಬಿಗಿ ಮಾಡಿದ. ಬಟ್ಟೆಯ ತೋಳಿನಿಂದ ಹಿಟ್ಟು ಇಳಿಯಿತು. ಕೈಯೊಡ್ಡಿದೆ. ಬೆಚ್ಚಗಿತ್ತು, ಬಿಸಿಯಿರಲಿಲ್ಲ.

"ಬೀಸಿದ್ದು ಎಷ್ಟಾಯಿತು?" ಎಂದೆ. ಬೇಡ ಅನ್ನುತ್ತಾರೆ, ನಾನು ಒತ್ತಾಯ ಮಾಡಬೇಕಾಗುತ್ತದೆ ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ. ಮೊಮ್ಮಗ ತಕ್ಕಡಿ ನೋಡಿ ಮೊತ್ತ ಹೇಳಿದ. ನೋಟು ಕೊಟ್ಟೆ. ಚಿಲ್ಲರೆ ಇರಲಿಲ್ಲ. ಆ ಹುಡುಗನನ್ನು ಅಂಗಡಿಗೆ ಓಡಿಸಿ ಮುರಿಸಿಕೊಂಡು ಬಂದು, ಉಳಿದದ್ದನ್ನು ಎಣಿಸಿ ನನ್ನ ಕೈಗಿಟ್ಟ.

ಐದೂವರೆಯ ಬಸ್ಸು ಹೋಗಿತ್ತು. ಮುಂದಿನದು ಏಳಕ್ಕೆ.